ಮುದ್ರೆ ಮತ್ತು ಪರಂಪರೆ: ನಿಂತುಹೋದ ಕೆಲವು ಧ್ವನಿಯಂತ್ರ ಸಂಸ್ಥೆಗಳ ಪುನರುಜ್ಜೀವನ

ವಚನದ ಕೊನೆಯಲ್ಲಿರುವ ಅಂಕಿತವೊಂದನ್ನೇ ಆಧಾರವಾಗಿಟ್ಟುಕೊಂಡು ಅದರ ಕರ್ತೃವನ್ನು ನಿರ್ಣಯಿಸಲಾಗದೆಂಬುದು ನಮ್ಮ ವಿದ್ವಾಂಸರು ಬಹುಕಾಲದ ಹಿಂದೆಯೇ ಒಪ್ಪಿಕೊಂಡಿರುವ ಮಾತು. ಅಂಕಿತವು ಒಬ್ಬರಿಂದೊಬ್ಬರ ಕೈಗೆ ಸುಲಭವಾಗಿ ದಾಟುತ್ತದೆ. ಭಾಷೆ, ಭಾವ, ಓಲೆಪ್ರತಿಗಳ ವಂಶಾವಳಿ ಇವು ಅಷ್ಟು ಸುಲಭವಾಗಿ ದಾಟುವುದಿಲ್ಲ. ಆದುದರಿಂದಲೇ ಸಂಪಾದಕನಾದವನು ಮುದ್ರೆಯನ್ನು ಮೊದಲು ನೋಡಿದರೂ ಕೊನೆಗೆ ನಂಬುವುದು ಇತರ ಸಾಕ್ಷ್ಯಗಳನ್ನು. ಈ ನ್ಯಾಯವನ್ನು ಸಾಹಿತ್ಯದಿಂದ ಬಹುದೂರವಾಗಿ ತೋರುವ ಒಂದು ಕ್ಷೇತ್ರಕ್ಕೆ ಅನ್ವಯಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ. ಆ ಕ್ಷೇತ್ರವು ಯಾವುದೆಂದರೆ, ಮನೆಯಲ್ಲಿ ಕುಳಿತು ಸಂಗೀತವನ್ನು ಕೇಳುವುದಕ್ಕಾಗಿ ಇಂಗ್ಲೆಂಡು, ಸ್ವಿಟ್ಜರ್ಲೆಂಡು, ಅಮೆರಿಕ, ಜಪಾನುಗಳಲ್ಲಿ ತಯಾರಾದ ಬೆಲೆಯುಳ್ಳ ಧ್ವನಿಯಂತ್ರಗಳ ಕೈಗಾರಿಕೆ.

ಈ ಕೈಗಾರಿಕೆಯಲ್ಲಿ ಕಳೆದ ಮೂವತ್ತು ವರ್ಷಗಳಿಂದ ಒಂದು ವಿಶೇಷವು ನಡೆದು ಬಂದಿದೆ. ಒಂದು ಕಾಲದಲ್ಲಿ ಪ್ರಖ್ಯಾತವಾಗಿದ್ದು, ಅನಂತರ ಮುಚ್ಚಿಹೋಗಿ ಅಥವಾ ತಯಾರಿಕೆಯನ್ನು ನಿಲ್ಲಿಸಿ, ಹಳೆಯ ಸಾಮಾನಿನ ಅಂಗಡಿಗಳಲ್ಲಿಯೂ ಸಂಗ್ರಾಹಕರ ಕೋಣೆಗಳಲ್ಲಿಯೂ ಮಾತ್ರ ಉಳಿದಿದ್ದ ಹೆಸರುಗಳು ಒಂದೊಂದಾಗಿ ಮರಳಿ ಪೇಟೆಗೆ ಬಂದಿವೆ. ಮರಳಿದ ಪ್ರತಿಯೊಂದು ಹೆಸರಿನ ಕೆಳಗೂ ಒಂದು ವರ್ಷವನ್ನು ಅಚ್ಚುಮಾಡಿರುವುದು ವಾಡಿಕೆ: ಇಂಥ ವರ್ಷದಿಂದ ನಡೆದುಬಂದುದು ಎಂದು. ನಡುವೆ ಇಪ್ಪತ್ತು ಮೂವತ್ತು ವರ್ಷಗಳ ಶೂನ್ಯವಿದ್ದರೂ ಆ ಬರಹಕ್ಕೆ ಸಂಕೋಚವಿಲ್ಲ. ತಾಮ್ರಶಾಸನಗಳ ರಾಜವಂಶಾವಳಿಗಳನ್ನು ಓದಿ ಅಭ್ಯಾಸವಿರುವವರಿಗೆ ಈ ಧಾಟಿಯು ಹೊಸದಾಗಿ ತೋರಲಾರದು. ಚಂದ್ರನಿಂದಲೋ ಸೂರ್ಯನಿಂದಲೋ ಆರಂಭವಾದ ವಂಶವು ಎಲ್ಲಿ ಕಡಿದಿದೆ, ಎಲ್ಲಿ ಕಸಿ ಮಾಡಲ್ಪಟ್ಟಿದೆ ಎಂಬುದನ್ನು ಶಾಸನವು ಹೇಳುವುದಿಲ್ಲ, ಇತಿಹಾಸಕಾರನೇ ಹುಡುಕಬೇಕು.

ಸಂಗೀತವು ಒಂದು ಶತಮಾನಕ್ಕೂ ಮಿಕ್ಕಿ ಯಂತ್ರದ ಮೂಲಕವೇ ಜನರ ಕಿವಿಯನ್ನು ಮುಟ್ಟುತ್ತಿದೆ. ಈ ಯಂತ್ರದ ಇತಿಹಾಸವನ್ನು ವ್ಯಾಪಾರಿಗಳ ಪ್ರಕಟಣೆಗಳಿಗೇ ಬಿಟ್ಟುಬಿಟ್ಟರೆ ಸಂಗೀತದ ಇತಿಹಾಸದ ಒಂದು ಭಾಗವೂ ಅವರ ವಶವಾಗುವುದೆಂಬ ಕಾರಣದಿಂದ ವಿಷಯವು ವಿಚಾರಾರ್ಹವೆಂದು ನಾವು ಭಾವಿಸಿದ್ದೇವೆ.

ಮೊದಲು ಇವು ಏಕೆ ನಿಂತುಹೋದವೆಂಬುದನ್ನು ಸಂಕ್ಷೇಪವಾಗಿ ನೋಡಬಹುದು. ಅರಗಿನ ತಟ್ಟೆಗಳ ಕಾಲವು ಮುಗಿದು, 1948ರಲ್ಲಿ ನಿಮಿಷಕ್ಕೆ ಮೂವತ್ತಮೂರೂ ಮೂರನೆಯ ಒಂದು ಸುತ್ತು ತಿರುಗುವ ವಿನೈಲಿನ ದೀರ್ಘ ತಟ್ಟೆಗಳು ಬಂದವು. ಹಳೆಯ ಗ್ರಾಮಾಫೋನ್ ತಟ್ಟೆಗಳಲ್ಲಿ ಸೇರುತ್ತಿದ್ದ ಅರಗಿನ ಬಹುಭಾಗವು ಭಾರತದ ಕಾಡುಗಳಿಂದ ಹೋಗುತ್ತಿದ್ದಿತೆಂಬುದನ್ನು ಇಲ್ಲಿ ಜ್ಞಾಪಿಸಿಕೊಂಡರೆ ತಪ್ಪಾಗಲಾರದು. ಯೂರೋಪಿನ ಮಹಾಗಾಯಕರ ಧ್ವನಿಯನ್ನು ಹಿಡಿದಿಟ್ಟದ್ದು ನಮ್ಮ ಮರಗಳ ಮೇಲಿನ ಕೀಟಗಳ ಶ್ರಮ. ಹೊಸ ತಟ್ಟೆಗಳ ಗೆರೆಗಳು ಬಹಳ ಸೂಕ್ಷ್ಮವಾಗಿದ್ದುದರಿಂದ ಅವುಗಳನ್ನು ನುಡಿಸುವ ಯಂತ್ರವೂ ಸೂಕ್ಷ್ಮವಾಗಬೇಕಾಯಿತು. ಹೀಗೆ 1950ರಿಂದ 1975ರವರೆಗಿನ ಕಾಲವು ಈ ಕೈಗಾರಿಕೆಯ ಉಚ್ಛ್ರಾಯಕಾಲವಾಯಿತು. ಹಲವು ಸಂಸ್ಥೆಗಳನ್ನು ಸ್ಥಾಪಿಸಿದವರು ತಾವೇ ಇಂಜನಿಯರುಗಳಾಗಿದ್ದ ಒಬ್ಬಿಬ್ಬರು. ಅವರಿಗೆ ವಯಸ್ಸಾದೊಡನೆ ಸಂಸ್ಥೆಯನ್ನು ದೊಡ್ಡ ಕೂಟಗಳಿಗೆ ಮಾರಿದರು. ಅಮೆರಿಕದ ಸಾಲ್ ಮರಾಂಟ್ಸ್ ತನ್ನ ಸಂಸ್ಥೆಯನ್ನು 1964ರಲ್ಲಿ ಸೂಪರ್‌ಸ್ಕೋಪ್ ಕಂಪೆನಿಗೂ, ಇಂಗ್ಲೆಂಡಿನ ಹೆರಾಲ್ಡ್ ಲೀಕ್ ತನ್ನದನ್ನು 1969ರಲ್ಲಿ ರ‍್ಯಾಂಕ್ ಕೂಟಕ್ಕೂ ಕೊಟ್ಟರು. ಜಪಾನಿನ ಪೈಪೋಟಿಯು ಇದೇ ಸಮಯದಲ್ಲಿ ಬಲವಾಯಿತು. 1982ರಲ್ಲಿ ಸೋನಿ ಮತ್ತು ಫಿಲಿಪ್ಸ್ ಸಂಸ್ಥೆಗಳ ಕಾಂಪ್ಯಾಕ್ಟ್ ಡಿಸ್ಕು ಪೇಟೆಗೆ ಬಂದ ಮೇಲೆ ಮುಳ್ಳು ತಟ್ಟೆಗಳ ಕಾಲವು ಮುಗಿಯಿತೆಂದೇ ಎಲ್ಲರೂ ತಿಳಿದರು. ಕಾರಣಗಳು ಸಾಮಾನ್ಯವಾದವು, ಇನ್ನಷ್ಟು ವಿಸ್ತರಿಸುವ ಅಗತ್ಯವಿಲ್ಲ.

ಇನ್ನು ಪ್ರತ್ಯೇಕ ಉದಾಹರಣೆಗಳಿಗೆ ಬರೋಣ. ಎಲ್ಲಕ್ಕಿಂತಲೂ ಬೋಧಪ್ರದವಾದುದು ಗ್ಯಾರರ್ಡ್ ಸಂಸ್ಥೆಯ ವೃತ್ತಾಂತವೆಂದು ನಮಗೆ ತೋರುತ್ತದೆ.

ಗ್ಯಾರರ್ಡ್ ಎಂಬುದು ಮೂಲತಃ ಲಂಡನ್ನಿನ ಒಂದು ರತ್ನವ್ಯಾಪಾರಿ ಮನೆತನದ ಹೆಸರು. 1843ರಲ್ಲಿ ವಿಕ್ಟೋರಿಯಾ ರಾಣಿಯು ಇವರನ್ನು ರಾಜಾಭರಣಗಳ ಪಾಲಕರನ್ನಾಗಿ ನಿಯಮಿಸಿದಳು; ಆ ಪದವಿಯು 2007ರವರೆಗೂ ಇವರಲ್ಲಿಯೇ ಇದ್ದಿತು. ಮೊದಲನೆಯ ಮಹಾಯುದ್ಧವು ನಡೆಯುತ್ತಿದ್ದಾಗ ಬ್ರಿಟಿಷ್ ಫಿರಂಗಿದಳಕ್ಕೆ ದೂರಮಾಪಕ ಯಂತ್ರಗಳು ಬೇಕಾದವು. ನವಿರಾದ ಲೋಹದ ಕೆಲಸವನ್ನು ಬಲ್ಲವರು ಯಾರೆಂದು ಹುಡುಕಿದರೆ ಅಕ್ಕಸಾಲಿಗರಲ್ಲದೆ ಮತ್ತಾರು? ಹೀಗೆ 1915ರಲ್ಲಿ ಗ್ಯಾರರ್ಡ್ ಇಂಜನಿಯರಿಂಗ್ ಸಂಸ್ಥೆಯು ಹುಟ್ಟಿತು. ಯುದ್ಧವು ಮುಗಿದಾಗ ಕುಶಲರಾದ ಕೆಲಸಗಾರರು ಉಳಿದರು, ಕೆಲಸವು ಉಳಿಯಲಿಲ್ಲ. ಆಗ ಸಂಸ್ಥೆಯು ರೈಲ್ವೆ ಕಾರ್ಯಾಗಾರಗಳಿಗೆ ಹೆಸರಾದ ಸ್ವಿಂಡನ್ ಪಟ್ಟಣಕ್ಕೆ ಬಂದು ಗ್ರಾಮಾಫೋನುಗಳ ಕೀಲಿ ಮೋಟಾರುಗಳನ್ನು ಮಾಡತೊಡಗಿತು. ರತ್ನದಂಗಡಿಯಿಂದ ಫಿರಂಗಿಗೆ, ಫಿರಂಗಿಯಿಂದ ಸಂಗೀತಕ್ಕೆ: ಹೆಸರೊಂದು ತನ್ನ ಮೂಲಾರ್ಥದಿಂದ ಎಷ್ಟು ದೂರ ನಡೆಯಬಲ್ಲುದೆಂಬುದಕ್ಕೆ ಇದು ಮೊದಲ ನಿದರ್ಶನ. ಆದರೆ ಇಲ್ಲಿ ಹೆಸರಿನೊಡನೆ ಕೈಚಳಕವೂ ಸಾಗಿಬಂದಿತೆಂಬುದನ್ನು ಗಮನಿಸಬೇಕು.

1954ರಲ್ಲಿ ಈ ಕಾರ್ಖಾನೆಯಿಂದ 301 ಎಂಬ ಅಂಕೆಯನ್ನು ಹೊತ್ತ ಯಂತ್ರವು ಹೊರಬಂದಿತು. ಅದರಲ್ಲಿ ಮೋಟಾರಿನ ಕದಿರಿಗೆ ಮೂರು ಮೆಟ್ಟಿಲುಗಳ ರಾಟೆಯಿದ್ದು, ರಬ್ಬರಿನ ಅಂಚುಳ್ಳ ಒಂದು ನಡುಗಾಲಿಯು ಆ ರಾಟೆಯ ವೇಗವನ್ನು ತೆಗೆದುಕೊಂಡು ತಟ್ಟೆಯನ್ನಿಡುವ ಪೀಠದ ಒಳಅಂಚಿಗೆ ಮುಟ್ಟಿಸುತ್ತದೆ. ಮೆಟ್ಟಿಲನ್ನು ಬದಲಿಸಿದರೆ ವೇಗವು ಬದಲಾಗುತ್ತದೆ. ಹಳೆಯ ಎಪ್ಪತ್ತೆಂಟರ ತಟ್ಟೆಗಳನ್ನೂ ಹೊಸ ಬಗೆಯ ತಟ್ಟೆಗಳನ್ನೂ ಒಂದೇ ಯಂತ್ರದಲ್ಲಿ ನುಡಿಸಬಹುದು. ವೇಗವನ್ನು ಸೂಕ್ಷ್ಮವಾಗಿ ತಿದ್ದುವುದಕ್ಕೆ ಮೋಟಾರಿನ ಕದಿರಿಗೆ ಒಂದು ಲೋಹದ ಬಿಲ್ಲೆಯನ್ನು ಜೋಡಿಸಿ, ಅದರ ಬಳಿಗೆ ಅಯಸ್ಕಾಂತವನ್ನು ಸರಿಸಿ ತಡೆಯುವ ಉಪಾಯವಿದ್ದಿತು. ಮೊದಲಲ್ಲಿ ಇದರ ಬೇರಿಂಗಿಗೆ ಗ್ರೀಸನ್ನೂ ಆಮೇಲೆ ಎಣ್ಣೆಯನ್ನೂ ಬಳಸಿದರು. ಈ ಒಂದು ಭೇದದ ಮೇಲೆ ಸಂಗ್ರಾಹಕರು ನಡೆಸುವ ವಾದವು ನಮ್ಮ ಪಾಠಾಂತರ ವಿವಾದಗಳಿಗೆ ಕಡಿಮೆಯಾದುದಲ್ಲ. ಈ ಯಂತ್ರವನ್ನು ಬಿ.ಬಿ.ಸಿ.ಯವರೂ ಬಳಸಿದರು. 1965ರಲ್ಲಿ 401 ಎಂಬ ಯಂತ್ರವು ಇದರ ಸ್ಥಾನವನ್ನು ಪಡೆಯಿತು.

ಅಷ್ಟರಲ್ಲಿ, 1960ರಲ್ಲಿಯೇ, ಸಂಸ್ಥೆಯು ಪ್ಲೆಸ್ಸಿ ಎಂಬ ದೊಡ್ಡ ಕೂಟದ ವಶವಾಗಿದ್ದಿತು. ಜಪಾನಿನ ಯಂತ್ರಗಳ ಮುಂದೆ ನಿಲ್ಲಲಾರದೆ ಪ್ಲೆಸ್ಸಿಯವರು 1970ರ ದಶಕದ ಕೊನೆಗೆ ಇದನ್ನು ಬ್ರೆಜಿಲ್ ದೇಶದ ಗ್ರಾಡಿಯೆಂಟೆ ಕಂಪೆನಿಗೆ ಮಾರಿದರು. ಹೆಸರು ಅಟ್ಲಾಂಟಿಕ್ ಸಾಗರವನ್ನು ದಾಟಿತು; ಒಂದು ಕಾಲದಲ್ಲಿ ಸಾವಿರಾರು ಜನರಿಗೆ ಜೀವನಕೊಟ್ಟ ಸ್ವಿಂಡನ್ನಿನ ಕೆಲಸವು ನಿಂತಿತು. ಲೋಹವನ್ನು ಕಿವಿಯಿಂದಲೂ ಬೆರಳಿನಿಂದಲೂ ಪರೀಕ್ಷಿಸಬಲ್ಲ ಆ ಜನರ ವಿದ್ಯೆಯನ್ನು ಯಾವ ಕ್ರಯಪತ್ರದಲ್ಲಿಯೂ ಬರೆದುಕೊಡಲು ಬರುವಂತಿರಲಿಲ್ಲ. ಈ ಸಂಗತಿಯೇ ನಮ್ಮ ವಿಚಾರದ ತಿರುಳು. ಹೆಸರು ಆಸ್ತಿ, ಅದನ್ನು ನ್ಯಾಯಾಲಯವು ರಕ್ಷಿಸುತ್ತದೆ. ವಿದ್ಯೆಯು ಆಸ್ತಿಯಲ್ಲ, ಅದನ್ನು ಶಿಷ್ಯನಲ್ಲದೆ ಬೇರಾರೂ ರಕ್ಷಿಸಲಾರರು.

ಹಳೆಯ ಗ್ಯಾರರ್ಡುಗಳು ಮಾತ್ರ ಸಾಯಲಿಲ್ಲ. ಅವು ಎಷ್ಟು ಗಟ್ಟಿಯಾಗಿದ್ದುವೆಂದರೆ, ಎಣ್ಣೆ ಹಾಕಿ ರಬ್ಬರನ್ನು ಬದಲಿಸಿದರೆ ಮತ್ತೆ ಓಡುತ್ತಿದ್ದುವು. ಇಂಗ್ಲೆಂಡಿನಲ್ಲಿ ಕಸವೆಂದು ಎಸೆದವುಗಳನ್ನು ಜಪಾನಿನ ರಸಿಕರು ಆದರದಿಂದ ಕೊಂಡು ಭಾರವಾದ ಮರದ ಪೀಠಗಳಲ್ಲಿ ಕೂರಿಸಿದರು. ಇಂಗ್ಲೆಂಡಿನಲ್ಲಿ ಲೋರಿಕ್ರಾಫ್ಟ್ ಎಂಬ ಸಣ್ಣ ಸಂಸ್ಥೆಯು ಇವುಗಳ ದುರಸ್ತಿಯನ್ನೇ ಕಸುಬನ್ನಾಗಿ ಮಾಡಿಕೊಂಡಿತು. ಮುಂದೆ ಬ್ರೆಜಿಲಿನವರಿಂದ ಹೆಸರನ್ನು ಬಳಸಲು ಅನುಮತಿಯನ್ನು ಪಡೆದು 501 ಎಂಬ ಹೊಸ ಯಂತ್ರವನ್ನೂ ಮಾಡಿತು. ಹೆಸರಿನ ಒಡೆಯನು ದಕ್ಷಿಣ ಅಮೆರಿಕದಲ್ಲಿ, ವಿದ್ಯೆಯ ತುಣುಕೊಂದು ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ, ಭಕ್ತರು ಜಪಾನಿನಲ್ಲಿ. ಹೀಗೆ ಚೆದುರಿದ್ದ ಅಂಗಗಳನ್ನು ಒಂದುಗೂಡಿಸಿದ ಬಗೆಯನ್ನು ಮುಂದೆ ಹೇಳುತ್ತೇವೆ. ಅದರಲ್ಲಿ ನಮ್ಮ ದೇಶದವರೊಬ್ಬರ ಪಾತ್ರವಿದೆ.

ಗ್ಯಾರರ್ಡಿನ ಪ್ರತಿಸ್ಪರ್ಧಿಯಾಗಿದ್ದುದು ಥೋರೆನ್ಸ್. 1883ರಲ್ಲಿ ಹರ್ಮನ್ ಥೋರೆನ್ಸ್ ಎಂಬಾತನು ಸ್ವಿಟ್ಜರ್ಲೆಂಡಿನ ಸೇಂಟ್ ಕ್ರೋವಾ ಎಂಬ ಬೆಟ್ಟದೂರಿನಲ್ಲಿ ಸಂಗೀತಪೆಟ್ಟಿಗೆಗಳನ್ನು ಮಾಡಲು ಆರಂಭಿಸಿದನು. ಆ ಊರು ಅಂಥ ಪೆಟ್ಟಿಗೆಗಳಿಗೆ ಹೆಸರುವಾಸಿ. ಫೋನೋಗ್ರಾಫು, ಗ್ರಾಮಾಫೋನು, ಬೆಂಕಿಪೊಟ್ಟಣಕ್ಕೆ ಬದಲಾದ ಲೈಟರು, ಬಾಯಿಯಿಂದ ಊದುವ ಹಾರ್ಮೋನಿಕ ಮುಂತಾದುವನ್ನೆಲ್ಲ ಈ ಸಂಸ್ಥೆಯು ಮಾಡಿತು. 1957ರಲ್ಲಿ ಬಂದ ಟಿಡಿ 124 ಇದರ ಕೀರ್ತಿಶಿಖರ. ಮೋಟಾರಿನಿಂದ ಮೆಟ್ಟಿಲು ರಾಟೆಗೆ ಪಟ್ಟಿ, ರಾಟೆಯಿಂದ ಪೀಠಕ್ಕೆ ರಬ್ಬರಿನ ಗಾಲಿ. ಹೀಗೆ ಎರಡು ಪದ್ಧತಿಗಳನ್ನು ಒಂದರಲ್ಲಿ ಕೂಡಿಸಿದ್ದರು. ಭಾರವಾದ ಎರಕದ ಕಬ್ಬಿಣದ ಪೀಠದ ಮೇಲೆ ಹಗುರವಾದ ಇನ್ನೊಂದು ಅಲ್ಯುಮಿನಿಯಂ ಪೀಠ. ಕೆಳಗಿನದು ತಿರುಗುತ್ತಿದ್ದಂತೆಯೇ ಮೇಲಿನದನ್ನು ಮಾತ್ರ ಎತ್ತಿ ನಿಲ್ಲಿಸಬಹುದು. ಇಪ್ಪತ್ತನೆಯ ಶತಮಾನವು ಮುಗಿಯುವ ಹೊತ್ತಿಗೆ ಸಂಸ್ಥೆಯು ದಿವಾಳಿಯಾಯಿತು. ಹೆಸರು ಒಂದೆರಡು ಕೈಗಳನ್ನು ದಾಟಿ 2018ರಲ್ಲಿ ಗುಂಟರ್ ಕ್ಯೂರ್ಟೆನ್ ಎಂಬ ಜರ್ಮನ್ ಗೃಹಸ್ಥರ ವಶವಾಗಿ, ಸಂಸ್ಥೆಯು ಜರ್ಮನಿಯ ಬೆರ್ಗಿಷ್ ಗ್ಲಾಡ್‌ಬಾಖ್ ಪಟ್ಟಣಕ್ಕೆ ಬಂದಿತು. ಅಲ್ಲಿಂದ ಹೊರಟ ಹೊಸ ಯಂತ್ರದ ಹೆಸರು ಟಿಡಿ 124 ಡಿಡಿ. ರೂಪವು ಹಳೆಯದರದೇ, ಗುಂಡಿಗಳು ಇದ್ದಲ್ಲಿಯೇ ಇವೆ. ಆದರೆ ಮುಚ್ಚಳವನ್ನು ತೆಗೆದು ನೋಡಿದರೆ ಪಟ್ಟಿಯೂ ಇಲ್ಲ, ಗಾಲಿಯೂ ಇಲ್ಲ. ಮೋಟಾರು ನೇರವಾಗಿ ಪೀಠವನ್ನೇ ತಿರುಗಿಸುತ್ತದೆ.

ಇದನ್ನು ವಂಚನೆಯೆನ್ನಲಾದೀತೆ? ಅಲ್ಲವೆಂದೇ ನಮ್ಮ ಅಭಿಪ್ರಾಯ, ಏಕೆಂದರೆ ಬದಲಾವಣೆಯನ್ನು ಹೆಸರಿನ ಕೊನೆಯ ಎರಡು ಅಕ್ಷರಗಳಲ್ಲಿಯೇ ಹೇಳಿಬಿಟ್ಟಿದ್ದಾರೆ. ಪೂರ್ವಕವಿಯ ಕಥೆಯನ್ನೂ ಛಂದಸ್ಸನ್ನೂ ತೆಗೆದುಕೊಂಡು, ತಾನು ಮಾಡಿದ ಮಾರ್ಪಾಟನ್ನು ಪೀಠಿಕಾಸಂಧಿಯಲ್ಲಿಯೇ ಒಪ್ಪಿಕೊಂಡ ಕವಿಯನ್ನು ನಾವು ಕಳ್ಳನೆನ್ನುವುದಿಲ್ಲ. ಆದರೂ 1883 ಎಂಬ ವರ್ಷವನ್ನು ಈ ಯಂತ್ರದ ಜನ್ಮಪತ್ರಿಕೆಯಲ್ಲಿ ಬರೆಯುವಾಗ ಲೇಖನಿಯು ಸ್ವಲ್ಪ ತಡೆಯಬೇಕು. ಸೇಂಟ್ ಕ್ರೋವಾದ ಕುಶಲಿಗಳಿಂದ ಇಂದಿನ ತಯಾರಕರವರೆಗೆ ಗುರುಶಿಷ್ಯ ಸರಪಳಿಯು ಅಖಂಡವಾಗಿ ಬಂದಿಲ್ಲ.

ಇದಕ್ಕೆ ವಿರುದ್ಧವಾದ ಸಂದರ್ಭವು ಜಪಾನಿನ ಟೆಕ್ನಿಕ್ಸ್ ಹೆಸರಿನದು. ಇಲ್ಲಿ ಒಡೆತನವು ಎಂದೂ ಕೈಬಿಡಲಿಲ್ಲ. ಒಡೆಯನೇ ತನ್ನ ಹೆಸರನ್ನು ಮಣ್ಣುಮಾಡಿ, ತಾನೇ ಅಗೆದು ತೆಗೆದನು. ಮತ್ಸುಷಿತ ಸಂಸ್ಥೆಯು 1965ರಲ್ಲಿ ತನ್ನ ಉತ್ತಮ ತರಗತಿಯ ಸ್ಪೀಕರೊಂದಕ್ಕೆ ಈ ಹೆಸರನ್ನಿಟ್ಟಿತು. ಅಲ್ಲಿಯ ಇಂಜನಿಯರಾದ ಷೂಯಿಚಿ ಒಬಾಟರು ಪಟ್ಟಿ ಗಾಲಿಗಳಿಂದಾಗುವ ಕಂಪನವನ್ನೂ ವೇಗದ ಏರಿಳಿತವನ್ನೂ ತೊಡೆದುಹಾಕಲು, ನಿಧಾನವಾಗಿಯೇ ತಿರುಗುವ ಮೋಟಾರೊಂದನ್ನು ಪೀಠದ ಕೆಳಗೇ ನೇರವಾಗಿ ಇಡುವ ಪದ್ಧತಿಯನ್ನು ಕಂಡುಹಿಡಿದರು. 1970ರಲ್ಲಿ ಎಸ್‌ಪಿ 10 ಎಂಬ ಯಂತ್ರವಾಗಿ ಅದು ಪೇಟೆಗೆ ಬಂದಿತು. 1972ರಲ್ಲಿ ಬಂದ ಎಸ್‌ಎಲ್ 1200 ಮನೆಯ ಬಳಕೆಗಾಗಿ ಮಾಡಿದ್ದು. 1979ರಲ್ಲಿ ಅದರ ಎರಡನೆಯ ಆವೃತ್ತಿಯು ಬಂದ ಮೇಲೆ ನೃತ್ಯಶಾಲೆಗಳಲ್ಲಿ ತಟ್ಟೆಗಳನ್ನು ನುಡಿಸುವವರು ಅದನ್ನು ತಮ್ಮ ವಾದ್ಯವನ್ನಾಗಿಯೇ ಮಾಡಿಕೊಂಡರು. ತಟ್ಟೆಯನ್ನು ಬೆರಳಿನಿಂದ ತಡೆದು ಹಿಂದಕ್ಕೆಳೆದು ಬಿಟ್ಟರೂ ಕ್ಷಣಮಾತ್ರದಲ್ಲಿ ತನ್ನ ವೇಗಕ್ಕೆ ಮರಳುವ ಆ ಮೋಟಾರಿನ ಬಲವೇ ಇದಕ್ಕೆ ಕಾರಣ. ಮಾಡಿದವರ ಉದ್ದೇಶವೊಂದು, ಬಳಸಿದವರ ಉಪಯೋಗವೊಂದು. ಒಟ್ಟು ಸುಮಾರು 35 ಲಕ್ಷ ಯಂತ್ರಗಳು ಮಾರಾಟವಾದುವೆಂದು ಸಂಸ್ಥೆಯು ಹೇಳುತ್ತದೆ.

2010ರಲ್ಲಿ ಬೇಡಿಕೆಯು ಕುಗ್ಗಿತೆಂದೂ, ಬಿಡಿಭಾಗಗಳು ದೊರೆಯುವುದು ಕಷ್ಟವಾಯಿತೆಂದೂ ಹೇಳಿ ತಯಾರಿಕೆಯನ್ನು ನಿಲ್ಲಿಸಿದರು. 2014ರ ಸೆಪ್ಟೆಂಬರಿನಲ್ಲಿ ಬರ್ಲಿನ್ನಿನ ವಸ್ತುಪ್ರದರ್ಶನದಲ್ಲಿ ಟೆಕ್ನಿಕ್ಸ್ ಹೆಸರು ಮತ್ತೆ ಕಾಣಿಸಿಕೊಂಡಿತು. ಇದರ ಮುಂದಾಳುತನವನ್ನು ವಹಿಸಿದವರು ಮಿಚಿಕೊ ಒಗಾವ ಎಂಬ ಮಹಿಳೆ. ಇವರು ಇಂಜನಿಯರಾಗಿರುವುದಲ್ಲದೆ ಜಾಜ್ ಸಂಗೀತದ ಪಿಯಾನೊ ವಾದಕಿಯೂ ಹೌದು. ಆದರೆ ಆ ಪ್ರದರ್ಶನದಲ್ಲಿ ಯಾವ ಯಂತ್ರದಿಂದ ಹೆಸರು ಜಗತ್ಪ್ರಸಿದ್ಧವಾಗಿದ್ದಿತೋ ಆ ತಟ್ಟೆಯಂತ್ರವೇ ಇರಲಿಲ್ಲ. ಜನರು ಅದನ್ನೇ ಕೇಳಿದರು. 2016ರ ಜನವರಿಯಲ್ಲಿ ಎಸ್‌ಎಲ್ 1200 ಜಿ ಎಂಬ ಹೊಸ ಯಂತ್ರವನ್ನೂ, 1200 ಮಾತ್ರ ತಯಾರಾಗುವ ಅದರ ವಿಶೇಷ ಆವೃತ್ತಿಯನ್ನೂ ಪ್ರಕಟಿಸಿದರು.

ಇಲ್ಲಿ ಒಂದು ಗಮನಾರ್ಹವಾದ ಸಂಗತಿಯುಂಟು. ಆರೇ ವರ್ಷಗಳ ಅಂತರವಾದರೂ, ಹಳೆಯ ಯಂತ್ರವನ್ನು ಇದ್ದಂತೆಯೇ ಮತ್ತೆ ಮಾಡಲು ಅದೇ ಸಂಸ್ಥೆಗೆ ಸಾಧ್ಯವಾಗಲಿಲ್ಲ. ಹಳೆಯ ಅಚ್ಚುಗಳಲ್ಲಿ ಬಹುಪಾಲು ಸವೆದು ಕೆಲಸಕ್ಕೆ ಬಾರದಂತಾಗಿದ್ದುವು. ಹೊರರೂಪವನ್ನು ಉಳಿಸಿಕೊಂಡು ಒಳಗಿನದನ್ನೆಲ್ಲ ಹೊಸದಾಗಿ ಕಲ್ಪಿಸಬೇಕಾಯಿತು. ಹಳೆಯ ನೇರಮೋಟಾರಿನಲ್ಲಿ ಕಬ್ಬಿಣದ ತಿರುಳಿದ್ದುದರಿಂದ ತಿರುಗುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆತಗಳಾಗುತ್ತಿದ್ದುವು. ಹೊಸದರಲ್ಲಿ ಆ ತಿರುಳನ್ನೇ ತೆಗೆದುಹಾಕಿದರು. ಪೀಠಕ್ಕೆ ಹಿತ್ತಾಳೆಯ ಪದರವನ್ನು ಸೇರಿಸಿದರು. ಯಂತ್ರವು ನಿಸ್ಸಂದೇಹವಾಗಿ ಉತ್ತಮವಾಯಿತು. ಬೆಲೆಯೂ ನಾಲ್ಕು ಸಾವಿರ ಡಾಲರಿನಷ್ಟಾಯಿತು. ಹಳೆಯ ಯಂತ್ರವನ್ನು ಖ್ಯಾತಿಗೆ ತಂದ ನೃತ್ಯಶಾಲೆಯ ವಾದಕರು ಇದು ತಮಗಲ್ಲವೆಂದು ಅಸಮಾಧಾನಪಟ್ಟರು. ಅವರ ಮಾತಿನಲ್ಲಿ ನ್ಯಾಯವಿದ್ದಿತೆಂದೇ ನಾವು ಹೇಳುತ್ತೇವೆ: ಹೆಸರಿಗೆ ಬೆಲೆಯನ್ನು ತಂದವರು ಒಬ್ಬರು, ಆ ಬೆಲೆಯನ್ನು ತೆರಬಲ್ಲವರು ಇನ್ನೊಬ್ಬರು. 2019ರಲ್ಲಿ ಕಡಿಮೆ ಬೆಲೆಯ ಏಳನೆಯ ಆವೃತ್ತಿಯನ್ನು ಹೊರತಂದು ಸಂಸ್ಥೆಯು ಈ ಕೊರತೆಯನ್ನು ತುಂಬಿತು.

ಹೀಗಿರಲಾಗಿ, ಒಡೆತನದ ಅಖಂಡತೆಯೊಂದರಿಂದಲೇ ತಯಾರಿಕೆಯ ಅಖಂಡತೆಯು ಸಿದ್ಧವಾಗುವುದಿಲ್ಲ. ಅಚ್ಚು ಸವೆದರೆ ಒಡೆಯನೂ ಪರಕೀಯನೇ.

ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಸಂಸ್ಥೆಯ 300 ಬಿ ಎಂಬ ವಾಲ್ವಿನ ಕಥೆಯು ಇದಕ್ಕಿಂತ ಭಿನ್ನವಾದುದು. ಚಲನಚಿತ್ರ ಮಂದಿರಗಳ ಆಂಪ್ಲಿಫೈಯರುಗಳಿಗಾಗಿ 1930ರ ದಶಕದಲ್ಲಿ ಹುಟ್ಟಿದ ಈ ಗಾಜಿನ ಬುರುಡೆಯು ಟ್ರಾನ್ಸಿಸ್ಟರಿನ ಯುಗದಲ್ಲಿಯೂ ಹೇಗೋ ಬದುಕಿಕೊಂಡು 1988ರವರೆಗೆ ತಯಾರಾಗುತ್ತಲೇ ಇದ್ದಿತು. ಅಮೆರಿಕನರು ಮರೆತ ಮೇಲೆ ಇದರ ಮಹಿಮೆಯನ್ನು ಎತ್ತಿಹಿಡಿದವರು ಜಪಾನಿನವರೂ ಫ್ರಾನ್ಸಿನವರೂ. ತಯಾರಿಕೆ ನಿಂತೊಡನೆ ಬೆಲೆಯು ಏರಿತು. ಚೀನಾ, ರಷ್ಯಾ, ಚೆಕ್ ದೇಶಗಳಲ್ಲಿ ಇದರ ಪ್ರತಿಕೃತಿಗಳು ಹುಟ್ಟಿದುವು. 1990ರ ದಶಕದಲ್ಲಿ ಚಾರ್ಲ್ಸ್ ವೈಟ್ನರ್ ಎಂಬವರು ಹೆಸರಿನ ಹಕ್ಕನ್ನು ಪಡೆದು, ಮೊದಲು ಹಳೆಯ ಕನ್ಸಾಸ್ ಸಿಟಿಯಲ್ಲಿಯೇ ತಯಾರಿಕೆಯನ್ನು ಪುನಃ ಆರಂಭಿಸಿದರು. ನಡುವೆ ಮತ್ತೆ ನಿಂತು, 2020ರ ಸುಮಾರಿಗೆ ಜಾರ್ಜಿಯಾ ಸಂಸ್ಥಾನದ ರಾಸ್‌ವಿಲ್‌ನಲ್ಲಿ ಮೂರನೆಯ ಹುಟ್ಟನ್ನು ಅದು ಪಡೆಯಿತು. ಇಲ್ಲಿ ವಸ್ತುವೇ ಮುಖ್ಯ, ರೂಪಾಂತರಕ್ಕೆ ಅವಕಾಶವಿಲ್ಲ. ಹೊಸ ವಾಲ್ವು ಹಳೆಯದರ ಗೂಡಿನಲ್ಲಿ ಕೂತು ಹಳೆಯದರಂತೆಯೇ ನುಡಿಯಬೇಕು. ಪರೀಕ್ಷೆಯು ಕಠಿಣವಾದುದರಿಂದ ವಾದವು ಸುಲಭವಾಗಿದೆ.

ಮೂರನೆಯ ಬಗೆಯೊಂದುಂಟು. ಸತ್ತ ಅಥವಾ ಸಾಯುತ್ತಿರುವ ಅನೇಕ ಹೆಸರುಗಳನ್ನು ಒಬ್ಬನೇ ಕೊಂಡು ಒಂದೇ ಛಾವಣಿಯ ಕೆಳಗೆ ಸಾಕುವುದು. ಚೀನಾದಲ್ಲಿ ಕಾರ್ಖಾನೆಗಳನ್ನುಳ್ಳ ಐ.ಎ.ಜಿ. ಎಂಬ ಕೂಟವು 1990ರ ದಶಕದ ಅಂತ್ಯದಿಂದ ಇಂಗ್ಲೆಂಡಿನ ವಾರ್ಫ್‌ಡೇಲ್, ಕ್ವಾಡ್, ಮಿಷನ್ ಮೊದಲಾದ ಹೆಸರುಗಳನ್ನು ಹೀಗೆ ಸಂಗ್ರಹಿಸಿತು. ವಾರ್ಫ್‌ಡೇಲ್ ಸಂಸ್ಥೆಯನ್ನು 1932ರಲ್ಲಿ ಗಿಲ್ಬರ್ಟ್ ಬ್ರಿಗ್ಸ್ ಎಂಬಾತನು ಯಾರ್ಕ್‌ಷೈರಿನ ತನ್ನ ಮನೆಯ ನೆಲಮಾಳಿಗೆಯಲ್ಲಿ ಪ್ರಾರಂಭಿಸಿದ್ದನು. ಅದರ 1965ರ ಲಿಂಟನ್ ಎಂಬ ಸ್ಪೀಕರಿನ ಹೆಸರು 2019ರಲ್ಲಿ ಮರಳಿತು. ಮರುವರ್ಷವೇ ಇದೇ ಕೂಟವು ಲೀಕ್ ಹೆಸರನ್ನು ಎಬ್ಬಿಸಿತು. ಹೆರಾಲ್ಡ್ ಲೀಕ್ 1945ರಲ್ಲಿ ಧ್ವನಿಯ ವಿಕಾರವನ್ನು ಸಾವಿರದಲ್ಲಿ ಒಂದು ಪಾಲಿಗೆ ಇಳಿಸಿ, ಆ ಅಂಕೆಯನ್ನೇ ಆಂಪ್ಲಿಫೈಯರಿನ ಹೆಸರನ್ನಾಗಿ ಮಾಡಿ ಲೋಕವನ್ನು ಬೆರಗುಗೊಳಿಸಿದವನು. 1963ರಲ್ಲಿ ಸ್ಟೀರಿಯೊ 30 ಎಂಬ ಟ್ರಾನ್ಸಿಸ್ಟರ್ ಯಂತ್ರವನ್ನು ಹೊರತಂದನು. 2020ರ ಸ್ಟೀರಿಯೊ 130 ಅದರ ಮುಖವನ್ನೂ ಮರದ ಕವಚವನ್ನೂ ಅನುಕರಿಸುತ್ತದೆ. ಒಳಗಿರುವುದು ಇಂದಿನ ಸಂಖ್ಯಾರೂಪದ ವಿದ್ಯೆ. ಹಳೆಯ ಸಂಸ್ಥೆಯಿಂದ ಹೊಸದಕ್ಕೆ ದಾಟಿದುದು ನೆನಪೊಂದೇ ಎಂದರೆ ಅತಿಶಯೋಕ್ತಿಯಾಗದು. ಆದರೂ ಇದನ್ನು ಹೀಗಳೆಯುವುದಕ್ಕೆ ನಮಗೆ ಮನಸ್ಸಿಲ್ಲ. ವಸ್ತುವು ತನ್ನ ಬೆಲೆಗೆ ತಕ್ಕುದಾಗಿದೆ. ವಿನ್ಯಾಸದ ಕೆಲಸದಲ್ಲಿ ಇಂಗ್ಲೆಂಡಿನವರ ಪಾಲು ಉಳಿದಿದೆ. ಕ್ವಾಡ್ ಹೆಸರಿನ ಹಳೆಯ ಯಂತ್ರಗಳ ದುರಸ್ತಿಯನ್ನು ಈ ಕೂಟವು ಬಹುಕಾಲ ನಡೆಸಿಕೊಂಡು ಬಂದಿತು. ಹೆಸರನ್ನು ಕೊಂಡವನು ಹಳೆಯ ಗಿರಾಕಿಯ ಋಣವನ್ನೂ ಕೊಂಡನೋ ಇಲ್ಲವೋ ಎಂಬುದು ಒಳ್ಳೆಯ ಒರೆಗಲ್ಲು. 1903ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿ ರೇಡಿಯೊ ವಿದ್ಯೆಯಲ್ಲಿ ಮಹತ್ಕಾರ್ಯಗಳನ್ನು ಮಾಡಿದ ಟೆಲಿಫುಂಕನ್ ಹೆಸರನ್ನು ಈ ಶತಮಾನದಲ್ಲಿ ಕೇಳಿದವರಿಗೆಲ್ಲ ಬಾಡಿಗೆಗೆ ಕೊಟ್ಟದ್ದನ್ನು ಇದರೊಡನೆ ಹೋಲಿಸಿದರೆ ವ್ಯತ್ಯಾಸವು ತಿಳಿಯುತ್ತದೆ.

ಇಷ್ಟಕ್ಕೂ ಈ ಪುನರುಜ್ಜೀವನಕ್ಕೆ ನೆಲವನ್ನು ಹದಮಾಡಿದುದು ತಟ್ಟೆಗಳೇ ಮರಳಿ ಬಂದುದು. ಅಮೆರಿಕದಲ್ಲಿ 2020ರಲ್ಲಿ ವಿನೈಲ್ ತಟ್ಟೆಗಳಿಂದ ಬಂದ ಹಣವು ಕಾಂಪ್ಯಾಕ್ಟ್ ಡಿಸ್ಕಿನ ಹಣವನ್ನು ಮೀರಿತು; 1986ರ ಬಳಿಕ ಹೀಗಾದುದು ಅದೇ ಮೊದಲು. 2022ರಲ್ಲಿ ಸಂಖ್ಯೆಯಲ್ಲಿಯೂ ಮೀರಿ, 4 ಕೋಟಿ 10 ಲಕ್ಷ ತಟ್ಟೆಗಳು ಮಾರಾಟವಾದುವು. ಸಂಗೀತವು ಆಕಾಶದಿಂದಲೇ ಬಂದು ಕಿವಿಯನ್ನು ಸೇರುವ ಕಾಲದಲ್ಲಿ ಕೈಯಿಂದ ಮುಟ್ಟಬಹುದಾದ ವಸ್ತುವಿಗಾಗಿ ಜನರು ಹಂಬಲಿಸಿದರೆಂದು ಕೆಲವರು ಇದಕ್ಕೆ ಕಾರಣವನ್ನು ಹೇಳುತ್ತಾರೆ. ಇದು ಊಹೆ, ಅಂಕೆಗಳು ಮಾತ್ರ ನಿಜ.

ಈಗ ಗ್ಯಾರರ್ಡಿನ ಉಳಿದ ಕಥೆ. ಪುಣೆಯ ಅಜಯ್ ಶಿರ್ಕೆಯವರನ್ನು ಕನ್ನಡಿಗರು ಕ್ರಿಕೆಟ್ ಮಂಡಲಿಯ ಕಾರ್ಯದರ್ಶಿಗಳಾಗಿದ್ದವರೆಂದು ಬಲ್ಲರು. ಇವರ ಕೇಡೆನ್ಸ್ ಸಂಸ್ಥೆಯು 2016ರಲ್ಲಿ ಇಂಗ್ಲೆಂಡಿನ ಎಸ್.ಎಂ.ಇ. ಕಂಪೆನಿಯನ್ನು ಕೊಂಡಿತು. ಎಸ್.ಎಂ.ಇ.ಯನ್ನು 1946ರಲ್ಲಿ ಅಲಸ್ಟೇರ್ ರಾಬರ್ಟ್‌ಸನ್ ಐಕ್‌ಮನ್ ಎಂಬಾತನು ಗೊಂಬೆಯಂಥ ಸಣ್ಣ ಮಾದರಿಗಳ ಭಾಗಗಳನ್ನು ಮಾಡುವುದಕ್ಕೆಂದು ಸ್ಥಾಪಿಸಿದ್ದನು. ಮುಂದೆ ತನ್ನ ಸ್ವಂತ ಉಪಯೋಗಕ್ಕಾಗಿ ಮುಳ್ಳನ್ನು ಹಿಡಿಯುವ ತೋಳೊಂದನ್ನು ಮಾಡಿಕೊಂಡು, ಅದು ನೋಡಿದವರಿಗೆಲ್ಲ ಬೇಕಾಗಿ, 1959ರಿಂದ ಸಸೆಕ್ಸ್ ಪ್ರಾಂತದ ಸ್ಟೆನಿಂಗ್‌ನಲ್ಲಿ ಅದನ್ನೇ ಮಾಡತೊಡಗಿದನು. ಗ್ಯಾರರ್ಡಿನ ಯಂತ್ರಕ್ಕೆ ಎಸ್.ಎಂ.ಇ. ತೋಳನ್ನು ಜೋಡಿಸುವುದು ಹಳೆಯ ರಸಿಕರ ಸಂಪ್ರದಾಯವೇ ಆಗಿದ್ದಿತು. 2018ರಲ್ಲಿ ಕೇಡೆನ್ಸ್ ಸಂಸ್ಥೆಯು ಗ್ಯಾರರ್ಡ್ ಹೆಸರನ್ನು ಬ್ರೆಜಿಲಿನವರಿಂದ ಕೊಂಡಿತು. ಲೋರಿಕ್ರಾಫ್ಟ್ ಸಂಸ್ಥೆಯನ್ನೂ ಕೊಂಡಿತು. ಹೆಸರನ್ನು ಮಾತ್ರ ಕೊಂಡು ಬೇರೆಲ್ಲಿಯಾದರೂ ಹೊಸ ಯಂತ್ರಗಳನ್ನು ಮಾಡಿಸಬಹುದಾಗಿದ್ದಿತು. ಹಾಗೆ ಮಾಡದೆ, ವಿದ್ಯೆಯಿದ್ದ ಸಣ್ಣ ಮನೆಯನ್ನೂ ಜೊತೆಗೆ ಕೊಂಡುದು ನಮಗೆ ಬಹಳ ಅರ್ಥವತ್ತಾಗಿ ತೋರುತ್ತದೆ.

ಇವರು ಆರಿಸಿಕೊಂಡ ದಾರಿಯೂ ಬೇರೆಯವರದಕ್ಕಿಂತ ಭಿನ್ನ. 301ರ ರೂಪದಲ್ಲಿ ಹೊಸ ಯಂತ್ರವನ್ನು ಎರಕಹೊಯ್ಯದೆ, 1950 ಮತ್ತು 1960ರ ದಶಕಗಳಲ್ಲಿ ಸ್ವಿಂಡನ್ನಿನಲ್ಲಿ ತಯಾರಾದ ಮೂಲಯಂತ್ರಗಳನ್ನೇ ಹುಡುಕಿ ತಂದು, ಬಿಚ್ಚಿ, ತೊಳೆದು, ಸವೆದ ಭಾಗಗಳನ್ನು ಹೊಸದಾಗಿ ಕಡೆದು, ಬಣ್ಣ ಹಾಕಿ, ಎಸ್.ಎಂ.ಇ. ತೋಳನ್ನು ಕೂರಿಸಿ ಮಾರುತ್ತಾರೆ. ನಮ್ಮ ಶಾಸನಗಳಲ್ಲಿ ದೇವಾಲಯಕ್ಕೆ ದತ್ತಿಯನ್ನು ಬಿಡುವಾಗ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆಂದು ಪ್ರತ್ಯೇಕವಾಗಿ ಹೇಳುವುದುಂಟು. ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವ ಕಾರ್ಯವು ಹೊಸ ಗುಡಿಯನ್ನು ಕಟ್ಟಿಸುವುದಕ್ಕಿಂತ ಬೇರೆಯಾದುದೆಂದು ಆ ಕಾಲದವರು ಸ್ಪಷ್ಟವಾಗಿ ಬಲ್ಲವರಾಗಿದ್ದರು. ಥೋರೆನ್ಸ್‌ನವರು ಮಾಡಿದುದು ಹಳೆಯ ಗುಡಿಯ ನಕ್ಷೆಯ ಮೇಲೆ ಹೊಸ ಗುಡಿ. ಗ್ಯಾರರ್ಡಿನಲ್ಲಿ ನಡೆದಿರುವುದು ಜೀರ್ಣೋದ್ಧಾರ. ಎರಡನ್ನೂ ಪುನರುಜ್ಜೀವನವೆಂಬ ಒಂದೇ ಮಾತಿನಿಂದ ಕರೆಯುತ್ತಿರುವುದು ಪ್ರಕಟಣೆಗಾರರ ಅನುಕೂಲಕ್ಕಾಗಿ. ಇತಿಹಾಸವನ್ನು ಬರೆಯುವವರು ಎರಡು ಮಾತುಗಳನ್ನು ಬಳಸುವುದು ಲೇಸು.

ಜೀರ್ಣೋದ್ಧಾರದ ದಾರಿಗೆ ಒಂದು ಮಿತಿಯೂ ಉಂಟು. 301 ಒಟ್ಟು ಸುಮಾರು 65,000ದಷ್ಟು ತಯಾರಾದುವೆಂದು ಸಾಮಾನ್ಯವಾಗಿ ಲೆಕ್ಕಹಾಕುತ್ತಾರೆ. ಅವುಗಳಲ್ಲಿ ಕೆಲವು ಕೆಟ್ಟು ಹಾಳಾಗಿವೆ, ಕೆಲವನ್ನು ಬಿಡಿಭಾಗಗಳಿಗಾಗಿ ಒಡೆದಿದ್ದಾರೆ, ಮಿಕ್ಕವುಗಳಲ್ಲಿ ಅನೇಕವನ್ನು ಒಡೆಯರು ಮಾರಲೊಲ್ಲರು. ಸ್ವಿಂಡನ್ನಿನಲ್ಲಿ ಇನ್ನು 301 ಹುಟ್ಟುವುದಿಲ್ಲ. ಸ್ಟೆನಿಂಗ್‌ನ ಕಾರ್ಯಾಗಾರದಿಂದ ಒಂದು ಯಂತ್ರವು ಹೊರಡಬೇಕಾದರೆ ಯಾರದೋ ಮನೆಯ ಅಟ್ಟದಿಂದ ಒಂದು ಯಂತ್ರವು ಮೊದಲು ಇಳಿದುಬರಬೇಕು.